ಹಳೆಯ ದಾರಿಯ ಕುರುಹು ಹುಡುಕುವುದು ಹೇಗೆ?

ರಸ್ತೆ ಎಂದ ಕೂಡಲೆ ರೋಮನ್ನರ ನೆನಪಾಗುವುದು ಸಹಜ. ಕ್ರಿ.ಪೂ. 312ರಲ್ಲಿ ಆರಂಭವಾದ ಆಪಿಯನ್ ರಸ್ತೆಯ ಕಲ್ಲುಹಾಸು ರೋಮ್ ನಗರದ ಹೊರವಲಯದಲ್ಲಿ ಇಂದಿಗೂ ಉಳಿದಿದೆ. ಆದರೆ ಆ ಸಾಮ್ರಾಜ್ಯದ ಬಹುಪಾಲು ರಸ್ತೆಗಳು ಹೀಗೆ ಕಣ್ಣಿಗೆ ಕಾಣುವಂತಿಲ್ಲ. 2025ರಲ್ಲಿ ಪ್ರಕಟವಾದ ಒಂದು ಅಂಕೀಯ ನಕ್ಷೆಯಲ್ಲಿ ಸುಮಾರು 3 ಲಕ್ಷ ಕಿಲೋಮೀಟರು ರೋಮನ್ ರಸ್ತೆಗಳನ್ನು ಗುರುತಿಸಲಾಗಿದೆ. ಇದರಲ್ಲಿ ಶೇಕಡ 3ಕ್ಕೂ ಕಡಿಮೆ ಭಾಗದ ಜಾಡು ಮಾತ್ರ ಖಚಿತವಾಗಿ ತಿಳಿದಿದೆ. ಉಳಿದದ್ದು ಹೊಲ, ಕಾಡು, ಊರುಗಳ ಅಡಿಯಲ್ಲಿ ಎಲ್ಲೋ ಇದೆ. ಅದನ್ನು ಅಲ್ಲಿನ ಸಂಶೋಧಕರು ಭೌತವಿಜ್ಞಾನದ ನೆರವಿನಿಂದ ಹುಡುಕುತ್ತಿದ್ದಾರೆ.

ನಮ್ಮಲ್ಲಿ ಹೀಗೆ ಹುಡುಕಲು ಸಾಧ್ಯವೆ? ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನಡುವೆ, ಘಟಪ್ರಭಾ ನದಿಯ ದಂಡೆಯಲ್ಲಿರುವ ಧುಪದಾಳವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ. ಧುಪದಾಳದಲ್ಲಿ ರೋಮನ್ ರಸ್ತೆ ಇಲ್ಲ, ಇರುವುದು ಸಾಧ್ಯವೂ ಇಲ್ಲ. ಆದರೆ ರೋಮಿನ ಸರಕು ಬಂದು ಹೋದ ನಾಡಿಗೆ ಇದು ಹತ್ತಿರದಲ್ಲಿದೆ.

ಸರಕು ಬಂತು, ರಸ್ತೆ ಎಲ್ಲಿ?

ಧುಪದಾಳದಿಂದ ವಾಯವ್ಯಕ್ಕೆ ಕೊಲ್ಹಾಪುರವಿದೆ. ಅಲ್ಲಿನ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದ ಮಧ್ಯಭಾಗದಲ್ಲಿ ರೋಮಿನಿಂದ ಬಂದ ಕಂಚಿನ ವಸ್ತುಗಳು ದೊರೆತವು. ಅವುಗಳಲ್ಲಿ ಸಮುದ್ರದೇವತೆ ಪೊಸೈಡನ್‌ನ ಪುಟ್ಟ ವಿಗ್ರಹವೂ ಇತ್ತು. ನೈಋತ್ಯಕ್ಕೆ ಬೆಳಗಾವಿಯ ಅಂಚಿನ ವಡಗಾವಿ–ಮಾಧವಪುರದಲ್ಲಿ ಶಾತವಾಹನರ ಕಾಲದ ಪಟ್ಟಣವೊಂದು ಉತ್ಖನನದಲ್ಲಿ ಬೆಳಕಿಗೆ ಬಂದಿದೆ. ದಕ್ಷಿಣಕ್ಕೆ ಹೋದಂತೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲೂ 1891ರಲ್ಲಿ ಅಂಥ ನಾಣ್ಯಗಳ ನಿಧಿ ದೊರೆಯಿತು.

ಇವೆಲ್ಲ ಕರಾವಳಿಯಿಂದ ಘಟ್ಟ ಹತ್ತಿ ಬಂದ ಸರಕುಗಳು. ಅವು ಬಂದ ದಾರಿ ಹೇಗಿತ್ತು? ಕ್ರಿ.ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿ ಈ ಬಗ್ಗೆ ಒಂದು ಸುಳಿವು ನೀಡುತ್ತದೆ. ಪೈಠಣ ಮತ್ತು ತಗರ (ಇಂದಿನ ತೇರ) ಪಟ್ಟಣಗಳಿಂದ ಭರೂಚ್ ಬಂದರಿಗೆ ಸರಕು ಬಂಡಿಗಳಲ್ಲಿ ಬರುತ್ತಿತ್ತು, ನಡುವಿನ ವಿಶಾಲ ಪ್ರದೇಶದಲ್ಲಿ ಸರಿಯಾದ ರಸ್ತೆ ಇರಲಿಲ್ಲ ಎಂದು ಅದು ಹೇಳುತ್ತದೆ. ಕಟ್ಟಿದ ರಸ್ತೆ ಇಲ್ಲದೆಯೂ ದಖನ್ನಿನ ವ್ಯಾಪಾರ ನಡೆದಿತ್ತು ಎಂಬುದೇ ಇದರ ಸಾರ.

ಕನ್ನಡ ಶಾಸನಗಳಲ್ಲಿ ದಾರಿಗೆ ‘ಬಟ್ಟೆ’ ಎಂಬ ಪದವಿದೆ. ದೊಡ್ಡ ದಾರಿ ‘ಹೆಬ್ಬಟ್ಟೆ’. ಊರಿನ ಗಡಿ ಹೇಳುವಾಗ ಅದರ ಉಲ್ಲೇಖ ಬರುತ್ತದೆ. ಸುಂಕದ ವಿವರಗಳಲ್ಲಿ ಕಾಣುವ ‘ಹೇರು’ ಎಂದರೆ ಎತ್ತಿನ ಬೆನ್ನಿನ ಮೇಲೆ ಹೇರುವ ಹೊರೆ. ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ ಬೆಳಗಾವಿಯ 1204ರ ಶಾಸನದಲ್ಲಿ ಲಾಳ ದೇಶದ (ಗುಜರಾತಿನ) ಮತ್ತು ಮಲೆಯಾಳದ ವರ್ತಕರ ಪ್ರಸ್ತಾಪವಿದೆ. ಅಷ್ಟು ದೂರದಿಂದ ಜನ ಬಂದಿದ್ದಾರೆ, ಹೊರೆ ಬಂದಿದೆ, ಸುಂಕ ಸಂದಿದೆ. ರೋಮನ್ನರಂತೆ ಉದ್ದಕ್ಕೂ ಕಲ್ಲುಹಾಸಿದ ರಸ್ತೆ ಮಾತ್ರ ಕಾಣುವುದಿಲ್ಲ. ಏಕೆ? ಉತ್ತರದ ಒಂದು ಭಾಗ ನಮ್ಮ ಎರೆ ಮಣ್ಣಿನಲ್ಲಿದೆ.

ಗಾಲಿಯೂ ಗೊರಸೂ

ಒಂದು ಸರಳ ಲೆಕ್ಕ ಮಾಡೋಣ. ಹೊರೆಯೂ ಸೇರಿ 1,000 ಕಿಲೋಗ್ರಾಂ ತೂಗುವ ಎರಡು ಗಾಲಿಯ ಬಂಡಿ ಇದೆ ಎನ್ನಿ. ನೆಲದ ಮೇಲೆ ಬೀಳುವ ಬಲ ಸುಮಾರು 10,000 ನ್ಯೂಟನ್; ಒಂದೊಂದು ಗಾಲಿಗೆ 5,000 ನ್ಯೂಟನ್. ಕಬ್ಬಿಣದ ಪಟ್ಟಿ ಹಾಕಿದ ಗಾಲಿ ಗಟ್ಟಿ ನೆಲವನ್ನು ಮುಟ್ಟುವ ಭಾಗ 5 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದ ಎಂದು ಇಟ್ಟುಕೊಂಡರೆ ವಿಸ್ತೀರ್ಣ 50 ಚದರ ಸೆಂ.ಮೀ. ಆಗ ಒತ್ತಡ 10 ಲಕ್ಷ ಪಾಸ್ಕಲ್. ಇದು ವಾಯುಮಂಡಲದ ಒತ್ತಡದ ಸುಮಾರು ಹತ್ತು ಪಟ್ಟು. ಇಂದಿನ ಲಾರಿಯ ಟೈರು ರಸ್ತೆಯ ಮೇಲೆ ಹೇರುವ ಒತ್ತಡಕ್ಕಿಂತ ಇದು ಹೆಚ್ಚು ಎಂಬುದನ್ನು ಗಮನಿಸಿ.

ಮಳೆಯಲ್ಲಿ ನೆನೆದ ಎರೆ ಮಣ್ಣು ತಡೆದುಕೊಳ್ಳುವ ಒತ್ತಡ 1 ಲಕ್ಷ ಪಾಸ್ಕಲ್ ಆಸುಪಾಸು, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಆದ್ದರಿಂದ ಗಾಲಿ ಹೂತುಹೋಗುತ್ತದೆ. ಹೂತಂತೆಲ್ಲ ಮಣ್ಣನ್ನು ಮುಟ್ಟುವ ವಿಸ್ತೀರ್ಣ ಹೆಚ್ಚಿ ಒತ್ತಡ ಇಳಿಯುತ್ತದೆ. ಎರಡೂ ಸರಿಸಮವಾದಾಗ ಹೂಳುವುದು ನಿಲ್ಲುತ್ತದೆ. ಆದರೆ ಆ ಹೊತ್ತಿಗೆ ಗಾಲಿ ಮುಂದಕ್ಕೆ ಉರುಳಬೇಕಾದರೆ ಎದುರಿನ ಮಣ್ಣಿನ ಗೋಡೆಯನ್ನು ತಳ್ಳುತ್ತಲೇ ಇರಬೇಕು. ಎತ್ತುಗಳ ಶಕ್ತಿಯೆಲ್ಲ ಇದಕ್ಕೇ ಖರ್ಚಾಗುತ್ತದೆ.

ಬೆನ್ನ ಮೇಲೆ ಹೇರು ಹೊತ್ತ ಎತ್ತಿನ ಮಾತು ಬೇರೆ. ಎತ್ತು ಮತ್ತು ಹೊರೆ ಸೇರಿ 450 ಕಿಲೋಗ್ರಾಂ ಎನ್ನೋಣ. ನಡೆಯುವಾಗ ಕನಿಷ್ಠ ಎರಡು ಗೊರಸುಗಳು ನೆಲದ ಮೇಲಿರುತ್ತವೆ. ಒಂದು ಗೊರಸಿನ ಅಡಿ 80 ಚದರ ಸೆಂ.ಮೀ. ಆದರೆ ಒತ್ತಡ ಸುಮಾರು 2.8 ಲಕ್ಷ ಪಾಸ್ಕಲ್. ಇದು ಗಾಲಿಯ ಒತ್ತಡದ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಕಾಲು ಹೂತರೂ ಎತ್ತು ಅದನ್ನು ಮೇಲೆತ್ತಿ ಮುಂದಿಡಬಲ್ಲದು. ಮಣ್ಣನ್ನು ಉದ್ದಕ್ಕೂ ಸೀಳಬೇಕಿಲ್ಲ. ಲಂಬಾಣಿ ಸಮುದಾಯದವರು ಧಾನ್ಯ, ಉಪ್ಪುಗಳನ್ನು ಎತ್ತುಗಳ ದೊಡ್ಡ ಸಾಲುಗಳ ಮೇಲೆ ಹೇರಿಕೊಂಡು ದೂರದೂರಕ್ಕೆ ಸಾಗಿಸುತ್ತಿದ್ದುದರ ಹಿಂದೆ ಈ ಭೌತಿಕ ಕಾರಣವೂ ಇದೆ. ಹೇರೆತ್ತಿಗೆ ಕಲ್ಲುಹಾಸು ಬೇಡ. ಅದಕ್ಕೆ ಬೇಕಾದದ್ದು ಮೇವು, ನೀರು, ಹೊಳೆ ಹಾಯಲು ಒಳ್ಳೆಯ ಜಾಗ, ಘಟ್ಟ ಹತ್ತಲು ಒಂದು ಕಣಿವೆ.

ಹಾಗಾದರೆ ನಮ್ಮ ಹಳೆಯ ದಾರಿಯನ್ನು ಉದ್ದನೆಯ ಒಂದು ಕಟ್ಟಡವೆಂದು ಭಾವಿಸಿ ಹುಡುಕಿದರೆ ಸಿಗಲಾರದು. ಅದು ಕೆಲವು ಅನಿವಾರ್ಯ ಬಿಂದುಗಳನ್ನು ಜೋಡಿಸುವ ಸಡಿಲವಾದ ಪಟ್ಟಿ. ಬಯಲಿನಲ್ಲಿ ಅದು ಹರಡಿಕೊಳ್ಳುತ್ತದೆ. ಹೊಳೆ ಮತ್ತು ಘಟ್ಟದ ಬಳಿ ಕಿರಿದಾಗುತ್ತದೆ. ಕುರುಹು ಉಳಿಯುವ ಸಂಭವ ಹೆಚ್ಚಾಗಿರುವುದು ಈ ಕಿರಿದಾದ ಕಡೆಗಳಲ್ಲಿ. ಮಹಾರಾಷ್ಟ್ರದ ಜುನ್ನರ್ ಬಳಿಯ ನಾಣೆಘಾಟ್ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಘಟ್ಟದ ಕಣಿವೆ, ಕಲ್ಲಿನ ಮೆಟ್ಟಿಲು, ಶಾತವಾಹನರ ಬ್ರಾಹ್ಮೀ ಶಾಸನವಿರುವ ಗುಹೆ ಎಲ್ಲವೂ ಒಂದೇ ಕಡೆ ಉಳಿದಿವೆ.

ಹೊಳೆ ಹಾಯುವ ಜಾಗ

ಘಟಪ್ರಭೆಯಂಥ ನದಿಯನ್ನು ಸೇತುವೆ ಇಲ್ಲದ ಕಾಲದಲ್ಲಿ ಎಲ್ಲಿ ಹಾಯಬಹುದಿತ್ತು? ನದಿಯಲ್ಲಿ ಒಂದು ಸೆಕೆಂಡಿಗೆ ಹರಿಯುವ ನೀರಿನ ಪರಿಮಾಣ ಅಗಲ, ಆಳ, ವೇಗಗಳ ಗುಣಲಬ್ಧಕ್ಕೆ ಸಮ. ಬೇಸಗೆಗೆ ಮುಂಚೆ ಸೆಕೆಂಡಿಗೆ 30 ಘನ ಮೀಟರು ನೀರು ಹರಿಯುತ್ತಿದೆ ಎಂದು ಕಲ್ಪಿಸಿಕೊಳ್ಳಿ. ಪಾತ್ರ 30 ಮೀಟರು ಅಗಲವಿದ್ದರೆ ಆಳ ಮತ್ತು ವೇಗಗಳ ಗುಣಲಬ್ಧ 1 ಆಗುತ್ತದೆ. ಅಂದರೆ 1 ಮೀಟರು ಆಳ, ಸೆಕೆಂಡಿಗೆ 1 ಮೀಟರು ವೇಗ. ಅದೇ ನೀರು 150 ಮೀಟರು ಅಗಲದ ಪಾತ್ರದಲ್ಲಿ ಹರಡಿದರೆ ಗುಣಲಬ್ಧ 0.2. ಆಗ 40 ಸೆಂ.ಮೀ. ಆಳ, ಸೆಕೆಂಡಿಗೆ ಅರ್ಧ ಮೀಟರು ವೇಗ ಸಾಕು.

ನೀರು ಕಾಲಿನ ಮೇಲೆ ಹೇರುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸೆಕೆಂಡಿಗೆ 1 ಮೀಟರು ವೇಗದಲ್ಲಿ, ಮೊಣಕಾಲಿನವರೆಗಿನ ನೀರಿನಲ್ಲಿ ನಿಂತವನ ಮೇಲೆ ಸುಮಾರು 75 ನ್ಯೂಟನ್ ಬಲ ಬಿದ್ದರೆ, ವೇಗ ಇಮ್ಮಡಿಯಾದಾಗ ಅದು 300 ನ್ಯೂಟನ್. ಆದ್ದರಿಂದಲೇ ಅಗಲವಾದ, ತೆಳುವಾಗಿ ಹರಿಯುವ, ಕಾಲಡಿಗೆ ಬಂಡೆ ಇರುವ ಜಾಗವನ್ನು ಜನ ಆರಿಸುತ್ತಾರೆ. ಅಂಥ ಜಾಗಕ್ಕೆ ಎರಡೂ ದಂಡೆಯಿಂದ ದಾರಿಗಳು ಬಂದು ಕೂಡುತ್ತವೆ.

ಧುಪದಾಳದ ಕೆಳಗೆ ಗೋಕಾಕ ಜಲಪಾತದಲ್ಲಿ ನದಿ ಕಲಾದಗಿ ಶಿಲಾಸ್ತೋಮದ ಗಟ್ಟಿ ಬಂಡೆಯ ಮೇಲಿಂದ ಸುಮಾರು 52 ಮೀಟರು ಕೆಳಗೆ ಧುಮುಕುತ್ತದೆ. ಜಲಪಾತದ ಬಳಿ ಚಾಲುಕ್ಯ ಶೈಲಿಯ ಹಳೆಯ ದೇವಾಲಯಗಳಿವೆ. ಸಮೀಪದ ಕೊಣ್ಣೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಲುಮನೆ ಗೋರಿಗಳಿವೆ, ರಟ್ಟರ ಕಾಲದ ಜೈನ ಶಾಸನವಿದೆ. ಇವು ದಾರಿಯನ್ನು ನೇರವಾಗಿ ತೋರಿಸುವುದಿಲ್ಲ. ಜನ ಬಹು ಕಾಲದಿಂದ ಇಲ್ಲಿ ನೆಲೆಸಿದ್ದರು ಎಂಬುದನ್ನು ಹೇಳುತ್ತವೆ. ಜನ ಇದ್ದಲ್ಲಿ ನಡೆದಾಡಿದ ಜಾಡು ಇರಲೇಬೇಕು. ಅದನ್ನು ಮಣ್ಣಿನಲ್ಲಿ ಗುರುತಿಸುವುದು ಭೌತವಿಜ್ಞಾನದ ಕೆಲಸ.

ಮಣ್ಣಿನಲ್ಲಿ ಉಳಿಯುವ ವ್ಯತ್ಯಾಸ

ಉತ್ತ ಹೊಲದ ಸಡಿಲ ಮಣ್ಣಿನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 1.2 ಗ್ರಾಂ. ಸತತವಾಗಿ ತುಳಿದ ದಾರಿಯ ಮಣ್ಣು 1.6 ಗ್ರಾಂವರೆಗೆ ಅಡಕವಾಗಬಹುದು. ಅಡಕವಾದ ಮಣ್ಣಿನಲ್ಲಿ ರಂಧ್ರಗಳು ಕಡಿಮೆ. ನೀರು ಬೇಗ ಇಂಗದು. ಇಳಿಜಾರಿನಲ್ಲಿ ಮಳೆನೀರು ದಾರಿಯನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ, ದಾರಿ ಮತ್ತಷ್ಟು ತಗ್ಗಾಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ಎರಡು ದಿಬ್ಬಗಳ ನಡುವೆ ಕೊರೆದಂತೆ ಕಾಣುವ ಹಳ್ಳದಂಥ ದಾರಿಗಳು ಹುಟ್ಟುವುದು ಹೀಗೆ.

ಈ ತಗ್ಗು, ದಿಬ್ಬಗಳನ್ನು ನೋಡಲು ಬೆಳಗಿನ ಅಥವಾ ಸಂಜೆಯ ಸೂರ್ಯನೇ ಒಳ್ಳೆಯ ಉಪಕರಣ. 20 ಸೆಂ.ಮೀ. ಎತ್ತರದ ದಿಬ್ಬದ ನೆರಳು ಸೂರ್ಯ 70 ಡಿಗ್ರಿ ಎತ್ತರದಲ್ಲಿರುವಾಗ ಕೇವಲ 7 ಸೆಂ.ಮೀ. ಸೂರ್ಯ 5 ಡಿಗ್ರಿಗೆ ಇಳಿದಾಗ ಅದೇ ನೆರಳು 2.3 ಮೀಟರು! ಮಧ್ಯಾಹ್ನ ಕಾಣದ ದಾರಿ ಸೂರ್ಯೋದಯದಲ್ಲಿ ಕಾಣುವುದರ ಗುಟ್ಟು ಇದು.

ವಿಮಾನದಿಂದ ಲೇಸರ್ ಮಿಡಿತಗಳನ್ನು ಕಳಿಸಿ ನೆಲದ ಎತ್ತರ ಅಳೆಯುವ ಲೈಡಾರ್ ತಂತ್ರ ಇದೇ ಕೆಲಸವನ್ನು ಇನ್ನೂ ಸೂಕ್ಷ್ಮವಾಗಿ ಮಾಡುತ್ತದೆ. ನೆಲದ ಎತ್ತರದಲ್ಲಿ 15 ಸೆಂ.ಮೀ. ವ್ಯತ್ಯಾಸವಿದ್ದರೆ ಬೆಳಕು ಹೋಗಿ ಬರುವ ಕಾಲದಲ್ಲಿ ಆಗುವ ವ್ಯತ್ಯಾಸ ಒಂದು ನ್ಯಾನೊಸೆಕೆಂಡು, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಎಲೆಗಳ ಸಂದಿಯಲ್ಲಿ ನೆಲ ಮುಟ್ಟಿದ ಮಿಡಿತಗಳನ್ನು ಮಾತ್ರ ಆರಿಸಿಕೊಂಡರೆ ಕಾಡಿನ ಅಡಿಯ ಜಾಡೂ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಹಲವು ರೋಮನ್ ರಸ್ತೆಗಳು ಹೀಗೆ ಪತ್ತೆಯಾಗಿವೆ.

ಇನ್ನೊಂದು ವಿಧಾನ ಬೆಳೆಯನ್ನೇ ನೋಡುವುದು. 1920ರ ದಶಕದಲ್ಲಿ ಬ್ರಿಟನ್ನಿನ ಓ.ಜಿ.ಎಸ್. ಕ್ರಾಫರ್ಡ್ ವಿಮಾನದ ಛಾಯಾಚಿತ್ರಗಳಿಂದ ಇದನ್ನು ಶಾಸ್ತ್ರೀಯವಾಗಿ ಬೆಳೆಸಿದರು. ಹೂತ ಚರಂಡಿಯ ಮೇಲಿನ ಆಳವಾದ ಮಣ್ಣಿನಲ್ಲಿ ತೇವ ಹೆಚ್ಚು, ಅಲ್ಲಿ ಬೆಳೆ ಎತ್ತರವಾಗಿ ಹಸಿರಾಗಿರುತ್ತದೆ. ಹೂತ ಕಲ್ಲುಹಾಸಿನ ಮೇಲೆ ಬೇರಿಗೆ ಜಾಗವಿಲ್ಲದೆ ಬೆಳೆ ಬೇಗ ಹಳದಿಯಾಗುತ್ತದೆ. 2018ರ ಬರಗಾಲದಲ್ಲಿ ಬ್ರಿಟನ್ನಿನ ಹೊಲಗಳಲ್ಲಿ ಇಂಥ ಗುರುತುಗಳು ಬಹಳಷ್ಟು ಕಂಡವು.

ಎರೆ ನೆಲದ ತೊಡಕು

ಈ ವಿಧಾನಗಳನ್ನು ಹಾಗೆಯೇ ತಂದು ಘಟಪ್ರಭೆಯ ಬಯಲಿನಲ್ಲಿ ಬಳಸಿದರೆ ತೊಡಕುಂಟು. ಎರೆ ಮಣ್ಣಿನ ಜೇಡಿಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯ ಬಿರುಕುಗಳಲ್ಲಿ ಮೇಲಿನ ಮಣ್ಣು ಒಳಗೆ ಬೀಳುತ್ತದೆ. ಮಳೆ ಬಂದಾಗ ಒಳಗಿನ ಮಣ್ಣು ಉಬ್ಬಿ ಮೇಲಕ್ಕೆ ತಳ್ಳಲ್ಪಡುತ್ತದೆ. ಕಲ್ಲುಗಳೂ ನಿಧಾನವಾಗಿ ಜಾಗ ಬದಲಿಸುತ್ತವೆ. ಯಾರೂ ಉಳದಿದ್ದರೂ ಈ ಮಣ್ಣು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎನ್ನಬಹುದು. ನೂರಾರು ವರ್ಷಗಳಲ್ಲಿ ಅಡಕವಾದ ಪದರ ಚದುರಿಹೋಗುವುದು ಸಹಜ.

ಉಪಕರಣಗಳಿಗೂ ಅಡ್ಡಿಯಿದೆ. ನೆಲದೊಳಗೆ ರೇಡಿಯೋ ತರಂಗ ಕಳಿಸುವ ರೇಡಾರ್ ಒಣ ಮರಳಿನಲ್ಲಿ ಹಲವು ಮೀಟರು ಆಳ ನೋಡಬಲ್ಲದು. ಒದ್ದೆ ಜೇಡಿಮಣ್ಣು ಒಳ್ಳೆಯ ವಿದ್ಯುದ್ವಾಹಕ. ತರಂಗದ ಶಕ್ತಿ ಒಂದು ಮೀಟರಿನೊಳಗೇ ಹೀರಿಹೋಗುತ್ತದೆ. ಭೂಮಿಯ ಕಾಂತಕ್ಷೇತ್ರ ಇಲ್ಲಿ ಸುಮಾರು 40,000 ನ್ಯಾನೊಟೆಸ್ಲಾ. ಹೂತ ಚರಂಡಿಯೊಂದು ಅದರಲ್ಲಿ ಕೆಲವೇ ನ್ಯಾನೊಟೆಸ್ಲಾ ವ್ಯತ್ಯಾಸ ತರುತ್ತದೆ. ದಖನ್ನಿನ ಬಸಾಲ್ಟ್ ಶಿಲೆಯಾದರೋ ಸ್ವತಃ ಕಾಂತೀಯ ಖನಿಜಗಳಿಂದ ತುಂಬಿದ್ದು, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಏರಿಳಿತ ಉಂಟುಮಾಡುತ್ತದೆ. ಗದ್ದಲದ ಸಂತೆಯಲ್ಲಿ ಪಿಸುಮಾತು ಕೇಳಿದಂತೆ!

ಇಲ್ಲಿ ಹೆಚ್ಚು ಭರವಸೆ ನೀಡುವುದು ವಿದ್ಯುತ್ ರೋಧಶೀಲತೆಯ ಅಳತೆ. ಒದ್ದೆ ಎರೆ ಮಣ್ಣಿನ ರೋಧಶೀಲತೆ 10 ಓಮ್–ಮೀಟರಿನ ಆಸುಪಾಸು. ಕಲ್ಲು, ಗರಸು ತುಂಬಿದ ಪದರದ್ದು ಅದರ ಹತ್ತಾರು ಪಟ್ಟು. ಮಣ್ಣು ಒಳ್ಳೆಯ ವಾಹಕವಾಗಿರುವುದರಿಂದಲೇ ಕಲ್ಲಿನ ಪದರ ಎದ್ದು ಕಾಣುತ್ತದೆ. ರೇಡಾರಿಗೆ ಶತ್ರುವಾದ ಗುಣ ಇಲ್ಲಿ ಮಿತ್ರ.

ವಿಧಾನ ಸರಳ. ನಾಲ್ಕು ಲೋಹದ ಸಲಾಕೆಗಳನ್ನು ಒಂದೇ ಸಾಲಿನಲ್ಲಿ, ಸಮಾನ ಅಂತರದಲ್ಲಿ ಕೆಲವು ಸೆಂ.ಮೀ. ಆಳಕ್ಕೆ ನೆಡಿ. ಹೊರಗಿನ ಎರಡರ ಮೂಲಕ ವಿದ್ಯುತ್ಪ್ರವಾಹ ಹರಿಸಿ, ಒಳಗಿನ ಎರಡರ ನಡುವಿನ ವಿಭವಾಂತರ ಅಳೆಯಿರಿ. ಸೂತ್ರ ಹೀಗಿದೆ:

ರೋಧಶೀಲತೆ = 2 × 3.14 × ಅಂತರ × (ವಿಭವಾಂತರ ÷ ಪ್ರವಾಹ)

ಅಂತರ 1 ಮೀಟರು, ಪ್ರವಾಹ 10 ಮಿಲಿಆಂಪಿಯರ್, ವಿಭವಾಂತರ 16 ಮಿಲಿವೋಲ್ಟ್ ಬಂದರೆ ರೋಧಶೀಲತೆ ಸುಮಾರು 10 ಓಮ್–ಮೀಟರು. ಸಲಾಕೆಗಳ ಅಂತರ ಹೆಚ್ಚಿಸಿದಂತೆ ಹೆಚ್ಚು ಆಳದ ಮಾಹಿತಿ ಸಿಗುತ್ತದೆ. ಬ್ಯಾಟರಿ ಬಳಸುವಾಗ ಸಲಾಕೆಗಳ ಬಳಿ ಧ್ರುವೀಕರಣವಾಗಿ ಅಳತೆ ತಪ್ಪುತ್ತದೆ. ಆದ್ದರಿಂದ ಪ್ರವಾಹದ ದಿಕ್ಕನ್ನು ಬದಲಿಸಿ ಎರಡು ಸಲ ಅಳೆದು ಸರಾಸರಿ ತೆಗೆದುಕೊಳ್ಳಬೇಕು. ಮನೆಯ ವಿದ್ಯುತ್ ಸಂಪರ್ಕವನ್ನು ಈ ಪ್ರಯೋಗಕ್ಕೆ ಎಂದೂ ಬಳಸಕೂಡದು. 12 ವೋಲ್ಟಿನ ಬ್ಯಾಟರಿ ಸಾಕು.

ನೀರು ಮುಚ್ಚಿದ್ದು, ನೀರು ತೋರಿಸುವುದು

ಬೆಳೆಯ ಗುರುತಿನ ವಿಷಯಕ್ಕೆ ಮತ್ತೆ ಬರೋಣ. ಹಿಂಗಾರಿ ಜೋಳ ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುವ ಬೆಳೆ. ಆದ್ದರಿಂದ ಅದು ನೆಲದಡಿಯ ವ್ಯತ್ಯಾಸವನ್ನು ತೋರುವ ಒಳ್ಳೆಯ ಮಾಪಕ. ಆದರೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಧುಪದಾಳದ ಒಡ್ಡು, ಕಾಲುವೆಗಳಾದವು. ಬಳಿಕ ಮೇಲ್ಗಡೆ ಹಿಡಕಲ್ ಜಲಾಶಯವೂ ಬಂತು. ಕಾಲುವೆಯ ನೀರುಂಡ ಕಬ್ಬಿನ ಗದ್ದೆಯಲ್ಲಿ ಎಲ್ಲೆಡೆ ಒಂದೇ ಹಸಿರು; ತೇವದ ವ್ಯತ್ಯಾಸ ಅಳಿಸಿಹೋಗುತ್ತದೆ. ಒಡ್ಡಿನ ಹಿಂದಿನ ನದಿಪಾತ್ರವೂ ನಿಂತ ನೀರಿನ ಕೆಳಗಿದೆ. ಇನ್ನೊಂದೆಡೆ, ಬೇಸಗೆಯಲ್ಲಿ ಹಿಡಕಲ್ ನೀರು ಬಹಳ ಇಳಿದಾಗ ಮುಳುಗಡೆಯಾದ ಹುನ್ನೂರಿನ ವಿಠ್ಠಲ ದೇವಾಲಯ ಮೇಲೆ ಕಾಣುತ್ತದೆ. ನೀರಿಳಿದ ದಂಡೆಗಳಲ್ಲಿ ಹಳೆಯ ದಾರಿಗಳ ಜಾಡನ್ನೂ ನೋಡುವ ಅವಕಾಶ ಆಗ ಸಿಗುತ್ತದೆ.

ನೀರಾವರಿ ಹರಡುವ ಮುಂಚಿನ ನೆಲವನ್ನು ನೋಡಲು ಇನ್ನೊಂದು ಕಿಟಕಿಯೂ ಇದೆ. ಅಮೆರಿಕದ ‘ಕೊರೋನಾ’ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಸಾರ್ವಜನಿಕವಾದವು. ಪಶ್ಚಿಮ ಏಷ್ಯಾದಲ್ಲಿ ಪುರಾತನ ದಾರಿಗಳನ್ನು ಗುರುತಿಸಲು ಇವು ಬಹಳ ನೆರವಾದವು. ನಮ್ಮ ಬಯಲುಸೀಮೆಗೂ ಇವನ್ನು ಇಸ್ರೋದ ‘ಭುವನ್’ ಚಿತ್ರಗಳೊಂದಿಗೆ ಹೋಲಿಸಿ ನೋಡಬಹುದು.

ತರಗತಿಯಿಂದ ಹೊಲಕ್ಕೆ

ಶಿಕ್ಷಕರು ಈ ಕೆಲಸವನ್ನು ದೊಡ್ಡ ಖರ್ಚಿಲ್ಲದೆ ಆರಂಭಿಸಬಹುದು. ಮೊದಲು ಊರಿನ ಗ್ರಾಮನಕ್ಷೆ ನೋಡಿ. ಬಂಡಿದಾರಿ, ಕಾಲುದಾರಿಗಳನ್ನು ಅದರಲ್ಲಿ ಗುರುತಿಸಿರುತ್ತಾರೆ. ಎರಡು ಊರಿನ ಗಡಿ ಯಾವುದಾದರೂ ದಾರಿಯ ಗುಂಟ ಸಾಗಿದ್ದರೆ ಆ ದಾರಿ ಗಡಿಗಿಂತ ಹಳೆಯದಿರಬಹುದು. ಹಿರಿಯರನ್ನು ಕೇಳಿ, ಸೇತುವೆಗೆ ಮುಂಚೆ ಹೊಳೆ ಹಾಯುತ್ತಿದ್ದ ಜಾಗ, ಜಾತ್ರೆಗೆ ಬಂಡಿ ಹೋಗುತ್ತಿದ್ದ ದಾರಿ, ದಾರಿಬದಿಯ ಬಾವಿ, ಹೊರೆ ಇಳಿಸುವ ಕಲ್ಲುಗಳನ್ನು ಗುರುತು ಹಾಕಿಕೊಳ್ಳಿ.

ಅನಂತರ ಅಳತೆ. ಎರಡೂ ಕಡೆ ತೆರೆದ, 10 ಸೆಂ.ಮೀ. ವ್ಯಾಸದ ಡಬ್ಬಿಯೊಂದನ್ನು ನೆಲಕ್ಕೆ ಸ್ವಲ್ಪ ಒತ್ತಿ ಅರ್ಧ ಲೀಟರು ನೀರು ಸುರಿಯಿರಿ. ಅದು 6 ಸೆಂ.ಮೀ.ಗಿಂತ ತುಸು ಹೆಚ್ಚು ಎತ್ತರ ನಿಲ್ಲುತ್ತದೆ. ಅದು ಇಂಗಲು ಹಿಡಿಯುವ ಕಾಲವನ್ನು ದಾರಿಯ ಮೇಲೂ, ಅದರಿಂದ 2, 4, 6 ಮೀಟರು ಆಚೆಗೂ ಅಳೆದು ಆಲೇಖ ಎಳೆಯಿರಿ. ಈಗ ಬಳಕೆಯಲ್ಲಿರುವ ಮಣ್ಣಿನ ದಾರಿಯ ಮೇಲೆ ಮೊದಲು ಅಭ್ಯಾಸ ಮಾಡಿದರೆ ಒಳ್ಳೆಯದು. ಬಂಡೆಯ ಮೇಲೆ ಗಾಲಿಯ ಜಾಡುಗಳಿದ್ದರೆ ಎರಡು ಜಾಡುಗಳ ನಡುವಿನ ಅಂತರ, ಆಳ, ಇಳಿಜಾರಿನ ಕೋನಗಳನ್ನು ಬರೆದಿಡಿ.

ಒಂದು ಎಚ್ಚರಿಕೆ ಅಗತ್ಯ. ಇದು ಅಗೆಯುವ ಕೆಲಸವಲ್ಲ. ಉತ್ಖನನಕ್ಕೆ ಕಾನೂನಿನ ಅನುಮತಿ ಬೇಕು. ಅಗೆದರೆ ಪದರಗಳು ಕೆಡುತ್ತವೆ, ಅವು ಮತ್ತೆ ಸರಿಹೋಗುವುದಿಲ್ಲ. ನಾಣ್ಯ, ಮಡಕೆಚೂರು, ಶಾಸನ ಕಂಡರೆ ಇದ್ದಲ್ಲೇ ಬಿಟ್ಟು, ಛಾಯಾಚಿತ್ರ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಿ. ಧುಪದಾಳದ ಜಲಾಶಯ ಘಟಪ್ರಭಾ ಪಕ್ಷಿಧಾಮದ ವ್ಯಾಪ್ತಿಯಲ್ಲಿದೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಹೊಳೆಗೆ ಇಳಿದು ಅಳತೆ ಮಾಡುವ ಸಾಹಸವೂ ಬೇಡ.

ರೋಮನ್ ರಸ್ತೆ ಎರಡು ಸಾವಿರ ವರ್ಷ ಉಳಿಯಲು ಅದರ ಕಲ್ಲು ಕಾರಣ. ನಮ್ಮ ದಾರಿಗಳ ಕುರುಹು ಅಷ್ಟು ಗಟ್ಟಿಯಾದುದಲ್ಲ. ಇಳಿಜಾರಿನ ಒಂದು ತಗ್ಗು, ಬಂಡೆಯ ಮೇಲೊಂದು ಗೆರೆ, ಇಂಗದೆ ನಿಲ್ಲುವ ನೀರು, ಇಷ್ಟೇ. ಹೊಲ ಸಮಗೊಳಿಸುವ ಯಂತ್ರ ಒಂದು ದಿನದಲ್ಲಿ ಇದನ್ನು ಅಳಿಸಬಲ್ಲದು. ಕಲ್ಲುಗಣಿ, ರಸ್ತೆ ಅಗಲೀಕರಣಗಳೂ ಅಷ್ಟೇ. ಇವನ್ನೆಲ್ಲ ನಿಲ್ಲಿಸುವುದು ಸಾಧ್ಯವೂ ಅಲ್ಲ, ಎಲ್ಲ ಕಡೆ ಸರಿಯೂ ಅಲ್ಲ. ರೈತನಿಗೆ ಹೊಲ ಬೇಕು, ಊರಿಗೆ ರಸ್ತೆ ಬೇಕು. ಅಳಿಯುವ ಮುಂಚೆ ಅಳೆದಿಡುವುದು ಮಾತ್ರ ನಮ್ಮ ಕೈಯಲ್ಲಿದೆ. ಒಂದು ಶಾಲೆ ತನ್ನ ಸುತ್ತಲಿನ ಐದು ಕಿಲೋಮೀಟರಿನ ಹಳೆಯ ದಾರಿಗಳನ್ನು ನಕ್ಷೆಗೆ ಇಳಿಸಿದರೆ, ಪಕ್ಕದ ಶಾಲೆ ಅಲ್ಲಿಂದ ಮುಂದುವರಿಸಬಹುದು. ತುಂಡುಗಳು ಕೂಡಿದಾಗ ಘಟಪ್ರಭೆಯ ದಂಡೆಯ ಹೆಬ್ಬಟ್ಟೆ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತಿತ್ತು ಎಂಬುದು ಊಹೆಯಾಗಿ ಉಳಿಯದೆ, ಪರೀಕ್ಷಿಸಿ ನೋಡಬಹುದಾದ ಪ್ರಶ್ನೆಯಾಗುತ್ತದೆ.